ಗುಳಿಗೆಯೂ ಸದ್ಗುಣವೂ

ಬೆಳಗಾವಿಯಲ್ಲಿ 1963ರಿಂದ ಕೆ.ಎಲ್.ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯವು ನಡೆದು ಬಂದಿರುವುದು. ರೋಗಿಗೆ ಔಷಧವನ್ನೀಯುವುದು ದಾಸೋಹಕ್ಕೆ ಸಮಾನವಷ್ಟೆ. ಆದರೆ ನಿರೋಗಿಯ ಬುದ್ಧಿಯನ್ನೂ ಸದ್ಗುಣವನ್ನೂ ಗುಳಿಗೆಯಿಂದ ಹೆಚ್ಚಿಸಬಹುದೇ ಎಂಬ ಪ್ರಶ್ನೆ ಇಂದು ಲೋಕದಲ್ಲೆದ್ದಿದೆ. ಉಪ್ಪಿಗೆ ಅಯೋಡಿನ್ ಬೆರೆಸಿ ಶಿಶುವಿನ ಮಿದುಳನ್ನು ಕಾಪಾಡುವುದಕ್ಕೆ ಯಾವ ಭಕ್ತನೂ ಅಡ್ಡಿ ನುಡಿಯಲಾರನು. ಅದು ಕೊರತೆಯನ್ನು ತುಂಬುವ ಕಾರ್ಯ. ಚಿತ್ತಚಾಂಚಲ್ಯದ ವ್ಯಾಧಿಗೆ ವೈದ್ಯರು ಕೊಡುವ ಗುಳಿಗೆಯೂ ಹಾಗೆಯೇ. ಅದನ್ನೇ ಆರೋಗ್ಯವಂತನು ಪರೀಕ್ಷೆಯ ಹಿಂದಿನ ರಾತ್ರಿ ನುಂಗಿದರೆ ನಿದ್ದೆ ದೂರವಾದೀತು, ಅರಿವು ಹತ್ತಿರವಾದೀತೇ?

ಸದ್ಗುಣದ ಮಾತು ಇನ್ನೂ ಕಠಿಣ. ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರ ಸಮಾಧಿಯಿದೆ. ಕಲ್ಯಾಣದಿಂದ ಉಳವಿಯತ್ತ ಸಾಗಿದ ಶರಣರ ರಕ್ಷಣೆಗಾಗಿ ಹೋರಾಡಿ ಅವರು ಅಲ್ಲಿ ಲಿಂಗೈಕ್ಯರಾದರೆಂದು ಐತಿಹ್ಯ. ಭಯವನ್ನಳಿಸುವ ಗುಳಿಗೆಯೊಂದು ಅಂದು ಇದ್ದಿದ್ದರೆ ಅದು ಕಕ್ಕಯ್ಯನವರಿಗೆ ಧೈರ್ಯವನ್ನು ಕೊಡುತ್ತಿತ್ತು, ನಿಜ. ಶರಣರನ್ನು ಬೆನ್ನಟ್ಟಿ ಬಂದ ಸೈನಿಕನಿಗೂ ಅಷ್ಟನ್ನೇ ಕೊಡುತ್ತಿತ್ತು.