ಆಮೆಯ ನಿದ್ದೆಗೆ ಯಾರ ಅಳತೆ?

ಇಂಗ್ಲೆಂಡಿನ ಸೆಲ್ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್‌ಗೆ 1780ರಲ್ಲಿ, ಸೋದರತ್ತೆ ತೀರಿಕೊಂಡ ಮೇಲೆ, ಅವಳು ಸಾಕಿದ್ದ ಆಮೆ ಪಾಲಿಗೆ ಬಂತು. ಹೆಸರು ತಿಮೊತಿ, ಹೆಣ್ಣೆಂದು ತಿಳಿದದ್ದು ಸತ್ತ ಮೇಲೆ. ನವೆಂಬರಿನಲ್ಲಿ ಅದು ಮುಂಗಾಲಿನಿಂದ ಮಣ್ಣು ಕೆರೆದು ಹಿಂಗಾಲಿನಿಂದ ಬೆನ್ನಮೇಲೆ ಎರಚಿಕೊಳ್ಳುತ್ತಿತ್ತು, ಗಡಿಯಾರದ ಗಂಟೆಮುಳ್ಳಿನಷ್ಟು ನಿಧಾನವಾಗಿ. ಆಯುಸ್ಸಿನ ಬಹುಪಾಲನ್ನು ಮಂಪರಿನಲ್ಲೇ ಕಳೆಯುವ ಪ್ರಾಣಿಗೆ ದೇವರು ಇಷ್ಟು ದೀರ್ಘಾಯುಸ್ಸು ಏಕೆ ಕೊಟ್ಟ ಎಂಬುದು ವೈಟ್‌ನ ಬೆರಗು.

ಆದರೆ ಆ ಮಂಪರು ವ್ಯರ್ಥವೆಂದು ಹೇಳಿದವರಾರು?

ಇಂದು ಯುರೋಪಿನ ಮನೆಗಳಲ್ಲಿ ಮೆಡಿಟರೇನಿಯನ್ ಆಮೆ ಸಾಕುವವರಲ್ಲಿ ಕೆಲವರು ರಾತ್ರಿಯಿಡೀ ಕೆಂಪು ಬಲ್ಬು ಉರಿಸುತ್ತಾರೆ, ಪಾಪ ಚಳಿಯಾದೀತೆಂದು. ಆಮೆಗೆ ಕೆಂಪು ಬೆಳಕೂ ಕಾಣುತ್ತದೆ, ನಿದ್ದೆ ಕೆಡುತ್ತದೆ. ಹಗಲು ದೀಪದಡಿ ಸುಮಾರು 35 ಡಿಗ್ರಿ ಕಾವು ಸಿಕ್ಕಿದ ಆರೋಗ್ಯವಂತ ದೊಡ್ಡ ಆಮೆಗೆ ರಾತ್ರಿ 15 ಡಿಗ್ರಿ ಸಾಕು. ಅದಕ್ಕೆ ಬೇಕಾದದ್ದು ಕತ್ತಲೆ, ತಂಪು. ಕೋಣೆ ಇನ್ನೂ ತಣ್ಣಗಾದರೆ ಬೆಳಕಿಲ್ಲದ ಸೆರಾಮಿಕ್ ಹೀಟರ್, ಜೊತೆಗೆ ಥರ್ಮೋಸ್ಟಾಟ್. ಕಾಯಿಲೆ ಬಿದ್ದ ಆಮೆಗೆ, ಆಫ್ರಿಕಾದ ಸಲ್ಕಾಟದಂಥ ಜಾತಿಯ ಆಮೆಗೆ ಮಾತ್ರ ರಾತ್ರಿಯೂ ಹೆಚ್ಚು ಬಿಸಿ ಬೇಕು.

ಇಂದ್ರಿಯಗಳನ್ನು ಒಳಗೆಳೆದುಕೊಳ್ಳುವ ಗೀತೆಯ ಸ್ಥಿತಪ್ರಜ್ಞನಿಗೆ ಆಮೆಯೇ ಉಪಮಾನ. ನಿಜದ ಆಮೆ ಅಂಗಗಳನ್ನು ಒಳಗೆಳೆದುಕೊಳ್ಳುವುದು ಭಯಕ್ಕೆ, ಜಡವಾಗುವುದು ಚಳಿಗೆ, ವೈರಾಗ್ಯಕ್ಕಲ್ಲ. ನಾವು ಅದರಲ್ಲಿ ಒಮ್ಮೆ ಯೋಗಿಯನ್ನು ಕಾಣುತ್ತೇವೆ, ಒಮ್ಮೆ ಸೋಮಾರಿಯನ್ನು, ಒಮ್ಮೆ ಹೊದಿಕೆಯಿಲ್ಲದ ಮಗುವನ್ನು. ಕೆಂಪು ಬಲ್ಬಿನ ದಯೆ ಈ ಮೂರನೆಯ ನೋಟದ್ದು. ಅಲ್ಲಿ ಚಳಿ ಆಗುತ್ತಿರುವುದು ಸಾಕಿದವರಿಗೆ.

ನಮ್ಮಲ್ಲಿ ವಿಷಯ ಬಲ್ಬಿನವರೆಗೂ ಬರಬಾರದು. ಅದೃಷ್ಟ ತರುತ್ತದೆಂದು ಮನೆಯಲ್ಲಿಟ್ಟುಕೊಳ್ಳುವ ನಕ್ಷತ್ರ ಆಮೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಹಿಡಿದು ತಂದು ಸಾಕುವುದೇ ಅಪರಾಧ.