ಯಾರ ಕರ್ಮ, ಯಾರ ಮರೆವು?

ಅಜ್ಜಿ ಹೆತ್ತ ಮಗಳನ್ನೇ ಗುರುತಿಸದ ದಿನ ಬಂದರೆ ನಮ್ಮ ಮನೆಗಳಲ್ಲಿ ಎರಡೇ ವಿವರಣೆ. ಒಂದು, ಅರವತ್ತಕ್ಕೆ ಅರಳು ಮರಳು. ಇನ್ನೊಂದು, ಆಕೆಯ ಕರ್ಮ. ಮೊದಲನೆಯದು ತಪ್ಪೆಂಬ ಸುಳಿವು 1906ರಲ್ಲೇ ಸಿಕ್ಕಿತ್ತು. ಐವತ್ತರ ಆಸುಪಾಸಿನಲ್ಲೇ ನೆನಪು ಕಳೆದುಕೊಂಡು ತೀರಿಹೋದ ಆಗಸ್ಟೆ ಡೀಟರ್ ಎಂಬಾಕೆಯ ಮಿದುಳನ್ನು ಪರೀಕ್ಷಿಸಿದ ಜರ್ಮನ್ ವೈದ್ಯ ಅಲೋಯಿಸ್ ಆಲ್ಜೈಮರ್, ಅಲ್ಲಿ ಕಂಡ ಜಿಗುಟು ಕಲೆಗಳನ್ನೂ ಗಂಟುಬಿದ್ದ ಎಳೆಗಳನ್ನೂ ಆ ವರ್ಷ ವಿವರಿಸಿದ. ಇದು ಮುಪ್ಪಲ್ಲ, ರೋಗ. ಮರೆವು ಕಾಣಿಸಿಕೊಳ್ಳುವ ಹತ್ತಿಪ್ಪತ್ತು ವರ್ಷ ಮೊದಲೇ ಒಳಗೆ ಶುರುವಾಗಿರುತ್ತದೆ.

ಕರ್ಮದ ಮಾತು ಅಷ್ಟು ಸುಲಭಕ್ಕೆ ಬಗೆಹರಿಯುವುದಿಲ್ಲ.

ಕರ್ಮಸಿದ್ಧಾಂತ ಕಟ್ಟಿದವರು ಸಡಿಲವಾಗಿ ಮಾತಾಡಿದವರಲ್ಲ. ಮಾಡಿದ್ದು ಫಲ ಕೊಡದೆ ಹೋದರೆ ಕೃತಹಾನಿ, ಮಾಡದ್ದರ ಫಲ ತಲೆಗೆ ಬಂದರೆ ಅಕೃತಾಭ್ಯಾಗಮ. ಎರಡೂ ದೋಷವೆಂದೇ ಅವರ ತರ್ಕ. (ಹಿಂದಿನ ಜನ್ಮ ಅವರಿಗೆ ಅಷ್ಟು ಬೇಕಾದದ್ದು ಈ ದೋಷಗಳನ್ನು ತಪ್ಪಿಸಲಿಕ್ಕೇ.) ಈಗ ಮರೆವಿನ ಅಂಕಿಅಂಶ ನೋಡಿ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ 60 ದಾಟಿದ ಭಾರತೀಯರಲ್ಲಿ ಡಿಮೆನ್ಷಿಯಾ (ಮರೆಗುಳಿತನದ ರೋಗ) ಇರುವವರು ಶೇ. 7.4, ಅಂದರೆ ಸುಮಾರು 88 ಲಕ್ಷ. ಗಂಡಸರಲ್ಲಿ ಶೇ. 5.8 ಇದ್ದರೆ ಹೆಂಗಸರಲ್ಲಿ ಶೇ. 9. ಹೆಂಗಸರ ಆಯಸ್ಸು ಹೆಚ್ಚು ಎಂಬುದು ಒಂದು ಕಾರಣ, ಪೂರ್ತಿ ಕಾರಣವಲ್ಲ. ಓದು ಕಡಿಮೆಯಾದಲ್ಲಿ ರೋಗ ಹೆಚ್ಚು. ಇಂದು ಎಂಬತ್ತು ದಾಟಿದ ಅಜ್ಜಿ ಹುಡುಗಿಯಾಗಿದ್ದ 1951ರ ಜನಗಣತಿಯಲ್ಲಿ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ ಒಂಬತ್ತೂ ಇರಲಿಲ್ಲ. ಓದದವರಿಗೆಲ್ಲ ಮರೆವು ಬರುತ್ತದೆಂದಲ್ಲ; ಅಪಾಯದ ಪಾಲು ಹೆಚ್ಚಿತು, ಅಷ್ಟೆ. ಆದರೂ ಶಾಲೆಗೆ ಕಳಿಸದವರು ಅಪ್ಪ, ಊರು, ಆ ಕಾಲ. ಫಲ ಉಂಡವಳು ಅವಳು. ಹಿಂದಿನ ಜನ್ಮವನ್ನು ಕರೆತರದೆಯೇ ಇದಕ್ಕೆ ಕಾರಣ ಸಿಗುತ್ತದೆ, ನ್ಯಾಯ ಸಿಗುವುದಿಲ್ಲ. ಆಕೆಯ ಕರ್ಮ ಎನ್ನುವವರು ತಮ್ಮ ಶಾಸ್ತ್ರವೇ ದೋಷವೆಂದದ್ದನ್ನು ಅವಳ ಮೇಲೆ ಹೊರಿಸುತ್ತಾರೆ.

ದೈವವೇ ಎಲ್ಲ ಎನ್ನುವವರನ್ನು ಯೋಗವಾಸಿಷ್ಠ ಹೀಗಳೆಯುತ್ತದೆ. ಅದರ ಒಲವು ಪೌರುಷದ, ಅಂದರೆ ಮನುಷ್ಯಪ್ರಯತ್ನದ ಕಡೆಗೆ. ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗದ 2024ರ ವರದಿಯೂ ಆ ಕಡೆಗೇ ವಾಲುತ್ತದೆ. ಹದಿನಾಲ್ಕು ಅಪಾಯಗಳನ್ನು ತಡೆದರೆ ಸುಮಾರು ಶೇ. 45ರಷ್ಟು ಡಿಮೆನ್ಷಿಯಾವನ್ನು ತಪ್ಪಿಸಬಹುದು ಇಲ್ಲವೇ ಮುಂದೂಡಬಹುದೆಂದು ಅದರ ಅಂದಾಜು. ಕಿವಿ ಮಂದವಾಗುವುದು, ಕೆಟ್ಟ ಕೊಲೆಸ್ಟ್ರಾಲ್, ಬಿಪಿ, ಸಕ್ಕರೆ ಕಾಯಿಲೆ, ಖಿನ್ನತೆ, ಒಂಟಿತನ, ಹೊಗೆ ತುಂಬಿದ ಗಾಳಿ ಎಲ್ಲ ಆ ಪಟ್ಟಿಯಲ್ಲಿವೆ. ಕಟ್ಟಿಗೆ ಒಲೆ ಊದಿದವಳಿಗೆ ಕೊನೆಯದನ್ನು ಬಿಡಿಸಿ ಹೇಳಬೇಕಿಲ್ಲ. ಮುಟ್ಟು ನಿಂತ ಮೇಲೆ ಹಾರ್ಮೋನು ಮಾತ್ರೆ ನುಂಗಿದರೆ ನೆನಪು ಉಳಿಯುತ್ತದೆ ಎಂಬ ಆಸೆಗೆ ಮಾತ್ರ ಆಧಾರವಿಲ್ಲ.

ಪುಣೆಯ ಮಾರ್ಕೆಟ್ ಯಾರ್ಡಿನಂಥ ಜಾಗದಲ್ಲಿ ಧಾನ್ಯ ಹಸನು ಮಾಡುತ್ತಾ ಮನೆಯಲ್ಲಿ ಕನ್ನಡ, ಕಟ್ಟೆಯ ಮೇಲೆ ಮರಾಠಿ ಆಡುವ ಹೆಂಗಸಿನ ವಿಷಯದಲ್ಲಿ ದೈವ-ಪೌರುಷದ ಈ ಲೆಕ್ಕ ಇನ್ನೂ ಸ್ವಾರಸ್ಯದ್ದು. ನರರೋಗತಜ್ಞೆ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಆಡುವವರಿಗೆ ರೋಗ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅಕ್ಷರ ಬಾರದವರಲ್ಲೂ ಆ ವ್ಯತ್ಯಾಸವಿತ್ತು. ಒಂದು ಆಸ್ಪತ್ರೆಯ ಲೆಕ್ಕವನ್ನು ಎಲ್ಲರಿಗೂ ಹಚ್ಚಲಾಗದು. ಆದರೆ ಹೊಟ್ಟೆಪಾಡಿಗೆಂದು ಕಲಿತ ಭಾಷೆ ಮಿದುಳನ್ನೂ ಕಾಯ್ದರೆ, ಅದನ್ನು ಪೌರುಷದ ಖಾತೆಗೆ ಬರೆಯಬೇಕೋ ದೈವದ ಖಾತೆಗೋ ಎಂಬುದಕ್ಕೆ ಯೋಗವಾಸಿಷ್ಠದ ಪಕ್ಷದವರೂ ಉತ್ತರ ಹುಡುಕಬೇಕಾಗುತ್ತದೆ.