ಪಾತ್ರೆಯ ತಳದ ಅನ್ನ

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಕೊಡುತ್ತ ಬಂದಿದ್ದೇನೆ. ಗಾದೆ ಬಲ್ಲವನ ಮಾತನ್ನು ಹೇಳುತ್ತದೆ. ಎಲ್ಲರಿಗೂ ಬಡಿಸಿ, ಕೊನೆಗೆ ಪಾತ್ರೆಯ ತಳದಲ್ಲಿ ಉಳಿದದ್ದನ್ನೆಲ್ಲ ಬಳಿದು ಉಣ್ಣುವವಳ ಮಾತು ಅದರಲ್ಲಿಲ್ಲ.

ಅನ್ನ ದೇವರು, ಚೆಲ್ಲಬಾರದು ಎಂಬುದನ್ನು ನಮ್ಮ ರಾಮನಗರ, ಕನಕಪುರದ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಕಳೆ ಕಿತ್ತು, ಹಿಪ್ಪುನೇರಳೆ ಸೊಪ್ಪು ಹೊತ್ತು ಬರುತ್ತಿದ್ದ ಅಜ್ಜಿಯರಿಗೆ ಉಳಿದ ಅರ್ಧ ಮುದ್ದೆ ಒಂದು ಲೆಕ್ಕವಾಗಿರಲಿಲ್ಲ. ಗ್ಯಾಸು, ಮಿಕ್ಸಿ, ಸ್ಕೂಟರು ಬಂದ ಮೇಲೆ ಅದೇ ಅರ್ಧ ಮುದ್ದೆ, ಮಕ್ಕಳು ಬಿಟ್ಟ ಚಿತ್ರಾನ್ನ ಮೊಮ್ಮಗಳ ಮೈಯಲ್ಲೇ ಉಳಿದುಬಿಡುತ್ತವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 30 ಮಂದಿಯ ತೂಕ ಮಿತಿ ಮೀರಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆ, ಮಂಡಿನೋವು ಅದರ ಬೆನ್ನಿಗೇ ಬರುತ್ತವೆ. ಹೆಚ್ಚಾಗಿ ಯೂರೋಪು, ಅಮೆರಿಕಗಳ ಸುಮಾರು 9 ಲಕ್ಷ ಜನರ ಲೆಕ್ಕ ಹಿಡಿದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬೊಜ್ಜು ಆಯುಸ್ಸಿನಲ್ಲಿ 2ರಿಂದ 4 ವರ್ಷ, ಅತಿಯಾದರೆ 8ರಿಂದ 10 ವರ್ಷ ಕಳೆಯುತ್ತದೆ ಎಂದು ಕಂಡಿತು.

ಹಾಗಾದರೆ ತಪ್ಪೆಲ್ಲ ಉಂಡವಳದೇ? ‘ಬಾಯಿ ಕಟ್ಟಮ್ಮ’ ಎನ್ನುವುದು ಸುಲಭ. ವಂಶ, ಹೆರಿಗೆ, ಥೈರಾಯ್ಡು, ಮುಟ್ಟು ನಿಲ್ಲುವ ಕಾಲ, ಎಲ್ಲದಕ್ಕೂ ಇದರಲ್ಲಿ ಪಾಲಿದೆ. ದಪ್ಪಗಿರುವವಳನ್ನು ಕಂಡು ನಗುವುದು ಅನ್ಯಾಯವೇ ಸರಿ. ಆದರೆ ಅಷ್ಟಕ್ಕೇ ಪ್ರಶ್ನೆ ಮುಗಿಯುವುದಿಲ್ಲ. ಎಲ್ಲರ ಹೊಟ್ಟೆಯ ಚಿಂತೆ ಹೊತ್ತವಳು ತನ್ನ ದೇಹದ ಚಿಂತೆ ಮಾಡಿದರೆ ಅದು ಸ್ವಾರ್ಥವೇ?

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ಅಷ್ಟು ಆಯುಸ್ಸು ಊಟದಿಂದಲೇ ಬಂತೆಂದು ನಾನು ಹೇಳಲಾರೆ. ಸನ್ಯಾಸಿಯ ಬದುಕು ಸಂಸಾರಸ್ಥರಿಗೆ ಅಳತೆಗೋಲೂ ಅಲ್ಲ. ಆದರೂ ಸಾವಿರಾರು ಮಕ್ಕಳಿಗೆ ದಿನವೂ ಅನ್ನವಿಕ್ಕಿಸಿದವರು ತಾವು ಉಣ್ಣುತ್ತಿದ್ದುದು ಬಲು ಮಿತವಾಗಿ. ಉಣಿಸುವ ಪುಣ್ಯಕ್ಕೆ ಉಳಿದದ್ದನ್ನು ತಾನೇ ಮುಗಿಸಬೇಕೆಂಬ ಕಟ್ಟಳೆಯೇನೂ ಇಲ್ಲ.

ಹಸಿವಿಲ್ಲದ ಹೊಟ್ಟೆಗೆ ಹಾಕಿದ ಅನ್ನ ಉಳಿಸಿದ ಅನ್ನವಲ್ಲ. ಅನ್ನಕ್ಕೆ ಮರ್ಯಾದೆ ತೋರುವುದು ಅಳೆದು ಬೇಯಿಸುವುದರಲ್ಲಿ. ಆ ಅಳತೆ ಅವಳೊಬ್ಬಳಿಂದ ಆಗುವುದಲ್ಲ. ರಾತ್ರಿ ಊಟಕ್ಕೆ ಬರುವುದಿಲ್ಲವೆಂದು ಗಂಡ, ಮಕ್ಕಳು ಮೊದಲೇ ಹೇಳಲಿ. ತಟ್ಟೆಯಲ್ಲಿ ಬಿಡದಷ್ಟೇ ಹಾಕಿಸಿಕೊಳ್ಳಲಿ. ಸಂಜೆ ಅರ್ಧ ಗಂಟೆ ಅವಳು ನಡೆದು ಬರುವಾಗ ಒಲೆಯ ಮೇಲಿನ ಹಾಲನ್ನು ಬೇರೆ ಯಾರಾದರೂ ನೋಡಿಕೊಳ್ಳಲಿ.